ಕಂಬಕ್ಕೆ ಲೆಕ್ಕ ಇದೆ, ಕೂಲಿಯವರಿಗೆ?



ಹೆದ್ದಾರಿ ಅಗಲ ಮಾಡುವಾಗ ಕರೆಂಟು ಕಂಬ, ನೀರಿನ ಪೈಪು ಒಂದೂ ಬಿಡದೆ ಎಣಿಸ್ತಾರೆ. ಅವನ್ನ ಕಿತ್ತು ಬೇರೆ ಕಡೆ ಹಾಕೋಕೆ ಎಸ್ಟಿಮೇಟ್ ಇದೆ, ದುಡ್ಡಿದೆ. ಜಮೀನಿದ್ದವರಿಗೆ ಪರಿಹಾರ ಇದೆ. ಆ ಜಮೀನಲ್ಲೇ ಕೂಲಿ ಮಾಡಿದ ನಮ್ಮ ಅಪ್ಪ-ಅವ್ವ ಯಾವ ಕಡತದಲ್ಲಿದ್ದಾರೆ?

ಕಾನೂನಿನಲ್ಲಂತೂ ಇದ್ದಾರೆ. 2013ರ ಭೂಸ್ವಾಧೀನ ಕಾಯ್ದೆಯಂತೆ, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅಲ್ಲಿ ದುಡಿದು, ಅದನ್ನೇ ಮುಖ್ಯ ಜೀವನಾಧಾರ ಮಾಡಿಕೊಂಡಿದ್ದ ಭೂಹೀನ ಕುಟುಂಬವೂ ಬಾಧಿತ ಕುಟುಂಬವೇ. ಅದರ ಪುನರ್ವಸತಿ ನಿಯಮ 2015ರಿಂದ ರಾಷ್ಟ್ರೀಯ ಹೆದ್ದಾರಿಗೂ ಅನ್ವಯ. ಆದರೆ ಪಹಣಿಯಲ್ಲಿ ಹೆಸರಿಲ್ಲದವರನ್ನ ಹುಡುಕಿಕೊಂಡು ಯಾರು ಬರ್ತಾರೆ? ಪ್ರಕಟಣೆ ಗೆಜೆಟ್ಟಿನಲ್ಲಿ, ಎರಡು ಪತ್ರಿಕೆಗಳಲ್ಲಿ ಬರುತ್ತೆ. 1956ರ ಹೆದ್ದಾರಿ ಕಾಯ್ದೆಯಂತೆ ಜಮೀನಿನಲ್ಲಿ ಹಕ್ಕುಳ್ಳವರ ಆಕ್ಷೇಪಣೆಗೆ 21 ದಿನ. ಕೇರಿಗೆ ಸುದ್ದಿ ತಲುಪೋದು ಜೆಸಿಬಿ ಬಂದ ಮೇಲೆ.

ನಾವು ರಸ್ತೆ ಬೇಡ ಅನ್ನೋದಿಲ್ಲ. ಹಾಸ್ಟೆಲಿಗೆ ನಾವು ಬಂದದ್ದೂ ರಸ್ತೆಯಲ್ಲೇ. ನಮ್ಮವರನ್ನ ಲೆಕ್ಕಕ್ಕೆ ತಗೊಳ್ಳಿ ಅಂತೀವಿ, ಅಷ್ಟೆ.

ಅಕ್ಷರ ಕಲಿತ ನಮಗೆ ಇಲ್ಲೊಂದು ಕೆಲಸ ಇದೆ. ರಜಕ್ಕೆ ಊರಿಗೆ ಹೋದಾಗ ಪ್ರಕಟಣೆಯನ್ನ ಕೇರಿಯಲ್ಲಿ ಗಟ್ಟಿಯಾಗಿ ಓದೋಣ. ಯಾರು, ಯಾರ ಹೊಲದಲ್ಲಿ, ಎಷ್ಟು ವರ್ಷ ದುಡಿದರು ಅಂತ ಪಟ್ಟಿ ಬರೆಯೋಣ. ಭೂಸ್ವಾಧೀನಾಧಿಕಾರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೇ ಹೊರಗೆ ಬರೋಣ.