ಬೈರಿಗೆಗೂ ಒಂದು ಹದ

ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಸುಂಕದಕಟ್ಟೆ, ಶ್ರೀಗಂಧದ ಕಾವಲ್ ಕಡೆಗೆ ಬಂದರೆ ಅಲ್ಲಲ್ಲಿ ತಗಡಿನ ಶೆಡ್ಡುಗಳಿಂದ ಲೋಹ ಕೊರೆಯುವ ಸದ್ದು ಕೇಳುತ್ತದೆ. ಊರಿನ ಹೆಸರಿನಲ್ಲಿ ಶ್ರೀಗಂಧವಿದ್ದರೂ ಈ ಶೆಡ್ಡುಗಳ ಮುಂದೆ ಮೂಗಿಗೆ ಬಡಿಯುವುದು ಕಟಿಂಗ್ ಆಯಿಲಿನ ವಾಸನೆ. ಒಂದು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಹೆಚ್ಚೆಂದರೆ ಒಂದು ಮಿಲ್ಲಿಂಗ್ ಯಂತ್ರ. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳು ಇಲ್ಲಿ ಜಾಬ್ ವರ್ಕ್ ಲೆಕ್ಕದಲ್ಲಿ ತಯಾರಾಗುತ್ತವೆ.

ಇಂತಹ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗ ಬೇಗನೆ ಒಂದು ಪ್ರಶ್ನೆ ಕೇಳುತ್ತಾನೆ: ‘ಯಾಕಣ್ಣ, ಆಗ ಅಷ್ಟು ಜೋರಾಗಿ ತಿರುಗಿಸಿದ್ರಿ, ಈಗ ಇಷ್ಟು ನಿಧಾನ?’ ಮೇಸ್ತ್ರಿಯ ಉತ್ತರ ಚುಟುಕು: ‘ಬಿಟ್ ದಪ್ಪ ಆಯ್ತಲ್ಲೋ!’ ಉತ್ತರವೇನೋ ಸರಿ. ಆದರೆ ದಪ್ಪಕ್ಕೂ ನಿಧಾನಕ್ಕೂ ಏನು ನಂಟು? ಅದರ ವಿವರಣೆ ಪ್ರೌಢಶಾಲೆಯ ಗಣಿತ ಪುಸ್ತಕದಲ್ಲಿಯೇ ಇದೆ.

ಜಾತ್ರೆಯಲ್ಲಿ ತಿರುಗುವ ಕುದುರೆಗಳನ್ನು ನೆನಪಿಸಿಕೊಳ್ಳಿ. ಒಳಸಾಲಿನ ಕುದುರೆಯೂ ಹೊರಸಾಲಿನ ಕುದುರೆಯೂ ಒಟ್ಟಿಗೇ ಒಂದು ಸುತ್ತು ಮುಗಿಸುತ್ತವೆ. ಆದರೂ ಹೊರಸಾಲಿನ ಮಗುವಿಗೆ ಗಾಳಿ ಹೆಚ್ಚು ಬಡಿಯುತ್ತದೆ. ಅಷ್ಟೇ ಸಮಯದಲ್ಲಿ ಅದು ಹೆಚ್ಚು ದೂರ ಕ್ರಮಿಸಿರುತ್ತದೆ. ಬೈರಿಗೆಯ ಅಂಚಿಗೂ ಇದೇ ನಿಯಮ. 5 ಮಿಲಿಮೀಟರ್ ವ್ಯಾಸದ ಬಿಟ್‌ನ ಪರಿಧಿ ಸುಮಾರು 15.7 ಮಿ.ಮೀ. ನಿಮಿಷಕ್ಕೆ 1600 ಸುತ್ತು ತಿರುಗಿದರೆ ಅದರ ಹೊರ ಅಂಚು ನಿಮಿಷಕ್ಕೆ 25 ಮೀಟರ್ ಸಾಗುತ್ತದೆ. ಅದೇ ಸುತ್ತಿನಲ್ಲಿ 20 ಮಿ.ಮೀ. ಬಿಟ್ ತಿರುಗಿಸಿದರೆ ಅಂಚಿನ ವೇಗ ನಾಲ್ಕು ಪಟ್ಟು, ಅಂದರೆ 100 ಮೀಟರ್. ಲೋಹಕ್ಕೆ ಸುತ್ತುಗಳ ಲೆಕ್ಕ ಗೊತ್ತಿಲ್ಲ. ಅದಕ್ಕೆ ತಾಗುವುದು ಅಂಚಿನ ವೇಗ ಮಾತ್ರ. ಇದನ್ನೇ ‘ಕಟಿಂಗ್ ಸ್ಪೀಡ್’ ಎನ್ನುತ್ತಾರೆ.

ಒಂದೊಂದು ಲೋಹಕ್ಕೂ ಒಂದೊಂದು ವೇಗ ಒಗ್ಗುತ್ತದೆ. ಸಾಮಾನ್ಯ ಹೈಸ್ಪೀಡ್ ಸ್ಟೀಲ್ ಬಿಟ್‌ಗೆ ಎಂ.ಎಸ್. ಎಂದು ಕರೆಯುವ ಮೆದು ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 25 ಮೀಟರ್, ಬೀಡು ಕಬ್ಬಿಣದಲ್ಲಿ 20, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 10ರಿಂದ 15, ಹಿತ್ತಾಳೆಯಲ್ಲಿ 45, ಅಲ್ಯೂಮಿನಿಯಂನಲ್ಲಿ 60 ಅಥವಾ ಅದಕ್ಕೂ ಹೆಚ್ಚು. ಇವು ಆರಂಭಕ್ಕೆ ಹಿಡಿಯಬಹುದಾದ ಅಂಕಿಗಳು. ಲೋಹದ ಗಡಸುತನ, ರಂಧ್ರದ ಆಳ, ಕೂಲಂಟ್ ಹರಿವು ನೋಡಿ ಸ್ವಲ್ಪ ಏರಿಳಿಸಬೇಕು.

ಇನ್ನು ಸುತ್ತುಗಳ ಲೆಕ್ಕ. ಕಟಿಂಗ್ ಸ್ಪೀಡನ್ನು 318ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿದರೆ ಆಯಿತು. ಈ 318 ಎಲ್ಲಿಂದ ಬಂತು? ಮೀಟರನ್ನು ಮಿಲಿಮೀಟರ್ ಮಾಡಲು 1000, ಅದನ್ನು ಪೈ ಬೆಲೆಯಾದ 3.14ರಿಂದ ಭಾಗಿಸಿದರೆ 318. ಎಂ.ಎಸ್. ತಗಡಿಗೆ 10 ಮಿ.ಮೀ. ರಂಧ್ರ ಬೇಕಾದರೆ 25×318÷10, ಅಂದರೆ ಸುಮಾರು 800 ಸುತ್ತು. ಸಣ್ಣ ಡ್ರಿಲ್ಲಿಂಗ್ ಯಂತ್ರಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಪುಲ್ಲಿಗಳಿರುವುದರಿಂದ ಕೇಳಿದ ಸುತ್ತು ಸಿಗುವುದಿಲ್ಲ. 700 ಮತ್ತು 1100 ಮಾತ್ರ ಇದ್ದರೆ 700ನ್ನೇ ಆರಿಸುವುದು ಜಾಣತನ.

1100ರಲ್ಲಿ ತಿರುಗಿಸಿದರೆ ಏನಾಗುತ್ತದೆ? ಕೆಲಸ ಬೇಗ ಮುಗಿಯುತ್ತದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಇಲ್ಲಿಯೇ ಇರುವುದು ಅಪಾಯ. ಲೋಹ ಕತ್ತರಿಸುವಾಗ ವ್ಯಯವಾಗುವ ಶಕ್ತಿಯ ಬಹುಪಾಲು ಶಾಖವಾಗುತ್ತದೆ. ಹೆಚ್ಚಿನ ಶಾಖವನ್ನು ಸುರುಳಿಯಾಗಿ ಹೊರಬರುವ ಸಿಪ್ಪೆಯೇ ಹೊತ್ತೊಯ್ಯುತ್ತದೆ. ಉಳಿದದ್ದು ಬಿಟ್‌ಗೂ ಕೆಲಸದ ತುಂಡಿಗೂ ಇಳಿಯುತ್ತದೆ. ಹೈಸ್ಪೀಡ್ ಸ್ಟೀಲ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ತನ್ನ ಗಡಸುತನವನ್ನು ಉಳಿಸಿಕೊಳ್ಳುತ್ತದೆ. ಅದನ್ನು ಮೀರಿದರೆ ಕುಲುಮೆಯಲ್ಲಿ ಕೊಟ್ಟ ಹದ ಇಳಿದುಹೋಗುತ್ತದೆ. ಹೊರ ಅಂಚು ನೀಲಿಗಟ್ಟಿ ಮೊಂಡಾಗುತ್ತದೆ, ಮೊಂಡಾದದ್ದು ಉಜ್ಜಿ ಇನ್ನಷ್ಟು ಬಿಸಿಯಾಗುತ್ತದೆ. ‘ಬಿಟ್ ಸುಟ್ಟೋಯ್ತು’ ಎಂದು ಹೇಳುವುದು ಇದಕ್ಕೇ.

ಈ ವಿಷಯಕ್ಕೆ ಲೆಕ್ಕದ ತಳಹದಿ ಹಾಕಿದವನು ಅಮೆರಿಕದ ಫ್ರೆಡರಿಕ್ ಟೇಲರ್. 26 ವರ್ಷಗಳ ಪ್ರಯೋಗದಲ್ಲಿ 360 ಟನ್ನಿಗೂ ಹೆಚ್ಚು ಉಕ್ಕು, ಕಬ್ಬಿಣವನ್ನು ಸಿಪ್ಪೆ ಮಾಡಿ, 1906ರಲ್ಲಿ ಆತ ತನ್ನ ಫಲಿತಾಂಶಗಳನ್ನು ಮಂಡಿಸಿದ. ಟೇಲರನ ಸೂತ್ರದಂತೆ ವೇಗ ಹೆಚ್ಚಿದಷ್ಟೂ ಉಪಕರಣದ ಆಯುಷ್ಯ ಕುಗ್ಗುತ್ತದೆ, ಅದೂ ಸಮಪ್ರಮಾಣದಲ್ಲಲ್ಲ. ಹೈಸ್ಪೀಡ್ ಸ್ಟೀಲಿಗೆ ಆ ಸೂತ್ರದ ಘಾತವನ್ನು ಸುಮಾರು ಎಂಟನೆಯ ಒಂದು ಎಂದು ಹಿಡಿಯುತ್ತಾರೆ. ಆಗ ವೇಗವನ್ನು ಶೇಕಡಾ 20 ಏರಿಸಿದರೆ, 60 ನಿಮಿಷ ಕತ್ತರಿಸಬಲ್ಲ ಅಂಚು ಸುಮಾರು 14 ನಿಮಿಷಕ್ಕೇ ಮುಗಿಯುತ್ತದೆ. ಉಳಿಸಿದ್ದು ಆರರಲ್ಲಿ ಒಂದು ಪಾಲು ಸಮಯ, ಕಳೆದುಕೊಂಡದ್ದು ಮುಕ್ಕಾಲು ಪಾಲು ಆಯುಷ್ಯ! ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಸಣ್ಣ ಶೆಡ್ಡಿನಲ್ಲಿ ಪದೇ ಪದೇ ಬಿಟ್ ಬಿಚ್ಚಿ ಸಾಣೆ ಹಿಡಿಯುವುದರಲ್ಲೇ ದಿನದ ಲಾಭ ಕರಗಿಬಿಡುತ್ತದೆ.

ಹಾಗಾದರೆ ಎಲ್ಲವನ್ನೂ ನಿಧಾನವಾಗಿ ಮಾಡಿದರೆ ಕ್ಷೇಮವೇ? ಹಾಗೂ ಅಲ್ಲ. ವೇಗದ ಜೊತೆಗೆ ‘ಫೀಡ್’ ಎಂಬುದೊಂದಿದೆ: ಒಂದು ಸುತ್ತಿಗೆ ಬಿಟ್ ಎಷ್ಟು ಒಳಗೆ ಇಳಿಯುತ್ತದೆ ಎಂಬ ಅಳತೆ. 10 ಮಿ.ಮೀ. ಬಿಟ್‌ಗೆ ಎಂ.ಎಸ್.ನಲ್ಲಿ ಸುಮಾರು 0.2 ಮಿ.ಮೀ. ಬಿಟ್‌ಗೆ ಎರಡು ಅಂಚು. ಒಂದೊಂದರ ಪಾಲಿಗೆ ಬರುವುದು 0.1 ಮಿ.ಮೀ., ಹೆಚ್ಚುಕಡಿಮೆ ಕಾಗದದ ಒಂದು ಹಾಳೆಯಷ್ಟು ದಪ್ಪ. 800 ಸುತ್ತಿಗೆ ನಿಮಿಷಕ್ಕೆ 160 ಮಿ.ಮೀ. ಇಳಿಯಬೇಕು, 20 ಮಿ.ಮೀ. ದಪ್ಪದ ತುಂಡು ಏಳೆಂಟು ಸೆಕೆಂಡಿನಲ್ಲಿ ತೂತಾಗಬೇಕು. ಹೊಸ ಹುಡುಗ ಬಿಟ್ ಮುರಿದೀತೆಂಬ ಭಯದಿಂದ ಹಿಡಿಯನ್ನು ಮೆಲ್ಲಗೆ ಒತ್ತುತ್ತಾನೆ. ಆಗ ಅಂಚು ಕತ್ತರಿಸದೆ ಬರೀ ಉಜ್ಜುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಂತೂ ಹಾಗೆ ಉಜ್ಜಿದ ಜಾಗವೇ ಗಡುಸಾಗಿ ಮುಂದಿನ ಸುತ್ತಿಗೆ ಬಗ್ಗುವುದಿಲ್ಲ. ಅತಿಯಾಗಿ ಒತ್ತಿದರೆ ಬಿಟ್ ಮುರಿಯುತ್ತದೆ. ಹೆದರಿ ಒತ್ತಿದರೆ ಮೊಂಡಾಗುತ್ತದೆ.

ಮಿಲ್ಲಿಂಗ್ ಕಟರಿಗೂ ಇದೇ ಲೆಕ್ಕ, ಹಲ್ಲುಗಳನ್ನು ಎಣಿಸಬೇಕು ಅಷ್ಟೆ. 16 ಮಿ.ಮೀ. ವ್ಯಾಸದ, ನಾಲ್ಕು ಹಲ್ಲಿನ ಕಟರ್ 500 ಸುತ್ತು ತಿರುಗಿದರೆ, ಹಲ್ಲೊಂದಕ್ಕೆ 0.05 ಮಿ.ಮೀ.ನಂತೆ ಮೇಜು ನಿಮಿಷಕ್ಕೆ 100 ಮಿ.ಮೀ. ಸರಿಯಬೇಕು.

ಈ ವಿದ್ಯೆಗೆ ಬೆಂಗಳೂರು ಹೊಸದಲ್ಲ. 1953ರಲ್ಲಿ ಇಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು. 1962ರಲ್ಲಿ ತುಮಕೂರು ರಸ್ತೆಯ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿ.ಎಂ.ಟಿ.ಐ., 1964ರಲ್ಲಿ ಕಾರ್ಬೈಡ್ ಉಪಕರಣಗಳ ವಿಡಿಯಾ ಕಂಪನಿ ಬಂದವು. ‘ವಿಡಿಯಾ’ ಎಂಬುದು ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಮಾತಿನಿಂದ ಹುಟ್ಟಿದ ಹೆಸರು. ಟಂಗ್‌ಸ್ಟನ್ ಕಾರ್ಬೈಡ್ ಹೈಸ್ಪೀಡ್ ಸ್ಟೀಲಿಗಿಂತ ಹೆಚ್ಚು ಬಿಸಿ ತಾಳುವುದರಿಂದ ಮೂರು ನಾಲ್ಕು ಪಟ್ಟು ವೇಗದಲ್ಲಿ ಓಡಿಸಬಹುದು. ಆದರೆ ಅದು ಪೆಡಸು. ಅಲುಗಾಡುವ ಹಳೆಯ ಯಂತ್ರದಲ್ಲಿ ಚಕ್ಕೆ ಎದ್ದುಹೋಗುತ್ತದೆ. ಇಂದು ಸಿ.ಎನ್.ಸಿ. ಯಂತ್ರಗಳು ಬಂದಿವೆ. ಅವು ಹೇಳಿದ ವೇಗದಲ್ಲಿ ತಪ್ಪದೆ ತಿರುಗುತ್ತವೆ, ಆದರೆ ಆ ವೇಗವನ್ನು ಆರಿಸಿ ಕೊಡುವವನು ಮನುಷ್ಯನೇ.

‘ಲೆಕ್ಕ ಬಾರದವನು ಐ.ಟಿ.ಐ.ಗೆ ಹೋಗಲಿ’ ಎನ್ನುವ ತಂದೆತಾಯಂದಿರು ಇದನ್ನು ಯೋಚಿಸಬೇಕು. ಟರ್ನರ್, ಮೆಷಿನಿಸ್ಟ್ ತರಬೇತಿಯಲ್ಲಾಗಲಿ, ರಾಜಾಜಿನಗರ ಕೈಗಾರಿಕಾ ವಸಾಹತಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾದಲ್ಲಾಗಲಿ ಪರಿಧಿ, ಅನುಪಾತ, ದಶಮಾಂಶ ಪ್ರತಿದಿನದ ಊಟ. ಅಲ್ಲಿ ತಪ್ಪಿದ ಲೆಕ್ಕಕ್ಕೆ ಕಡಿತವಾಗುವುದು ಅಂಕವಲ್ಲ. ಮುರಿದ ಬಿಟ್ ಮುಖಕ್ಕೆ ಸಿಡಿಯಬಹುದು. ಕನ್ನಡಕ ಧರಿಸುವುದು, ತುಂಡನ್ನು ವೈಸಿನಲ್ಲಿ ಬಿಗಿಯುವುದು, ಸಿಪ್ಪೆಯನ್ನು ಕೈಯಿಂದ ಮುಟ್ಟದೆ ಬ್ರಷ್‌ನಿಂದ ಸರಿಸುವುದು ಲೆಕ್ಕದಷ್ಟೇ ಮುಖ್ಯ.

ವಿದ್ಯಾರ್ಥಿಗಳಿಗೊಂದು ಪುಟ್ಟ ಲೆಕ್ಕ: 12 ಮಿ.ಮೀ. ಬಿಟ್‌ನಿಂದ ಮೊದಲು ಅಲ್ಯೂಮಿನಿಯಂನಲ್ಲಿ 60 ಮೀಟರ್, ನಂತರ ಸ್ಟೇನ್‌ಲೆಸ್ ಸ್ಟೀಲಿನಲ್ಲಿ 12 ಮೀಟರ್ ವೇಗದಲ್ಲಿ ಕೊರೆಯಬೇಕು. ಸುತ್ತು ಎಷ್ಟೆಷ್ಟು? ಮೊದಲನೆಯದಕ್ಕೆ 1590, ಎರಡನೆಯದಕ್ಕೆ 318. ಬಿಟ್ ಅದೇ, ಯಂತ್ರ ಅದೇ. ಲೋಹ ಬದಲಾದಾಗ ಬೆಲ್ಟ್ ಬದಲಿಸಲು ಬೇಕಾಗುವುದು ಎರಡು ನಿಮಿಷ.