ನೇರಳೆ ಹಣ್ಣಿಗೆ ಊರಿನ ಹಂಗಿಲ್ಲ

ಹೊರನಾಡಿನಲ್ಲಿದ್ದು ಮಕ್ಕಳಿಗಾಗಿ ಕನ್ನಡ ಪದ್ಯ ಬರೆದು ಹಂಚಿಕೊಳ್ಳುವ ಬಳಗಗಳಲ್ಲಿ ನಿಸರ್ಗಕ್ಕೆ ಬರವಿಲ್ಲ. ಒಂದು ಪದ್ಯದಲ್ಲಿ ಕೋಗಿಲೆ ಕೂಗುತ್ತದೆ, ಇನ್ನೊಂದರಲ್ಲಿ ಹಳ್ಳ ಹರಿಯುತ್ತದೆ, ಮತ್ತೊಂದರಲ್ಲಿ ಅಜ್ಜಿ ಮನೆಯ ಹಿತ್ತಲ ಮಾವು ಹಣ್ಣಾಗುತ್ತದೆ. ಓದಿದವರು ‘ಬಾಲ್ಯ ನೆನಪಾಯಿತು’ ಎಂದು ಮೆಚ್ಚಿಕೊಳ್ಳುತ್ತಾರೆ. ತೊಡಕಿರುವುದೂ ಆ ಮೆಚ್ಚುಗೆಯಲ್ಲೇ. ನೆನಪಾದದ್ದು ಯಾರ ಬಾಲ್ಯ? ಪದ್ಯ ಬರೆದದ್ದು ಪುಣೆಯಲ್ಲಿ ಮೂರನೇ ತರಗತಿ ಓದುವ ಹುಡುಗಿಗೆ. ಕಣ್ಣು ಒದ್ದೆಯಾದದ್ದು ಅವಳ ಸೋದರಮಾವನಿಗೆ.

ಊರಿನ ನೆನಪಿನ ಪದ್ಯಗಳು ಬೇಡವೆಂದಲ್ಲ. ಹಿರಿಯರ ಹಂಬಲಕ್ಕೂ ಕನ್ನಡದಲ್ಲಿ ಜಾಗವಿದೆ. ಆದರೆ ಅದನ್ನೇ ಮಕ್ಕಳ ಪದ್ಯವೆಂದು ಕರೆದಾಗ ಮಗುವಿಗೆ ಒಂದು ಸಂದೇಶ ಹೋಗುತ್ತದೆ: ಮರ, ಹಕ್ಕಿ, ಮಳೆ ಎಲ್ಲ ಕನ್ನಡದಲ್ಲಿ ಇರುವುದು ರಜೆಯಲ್ಲಿ ಹೋಗುವ ಊರಿನಲ್ಲಿ, ಇಲ್ಲಿ ಕಿಟಕಿಯಾಚೆ ಕಾಣುವುದಕ್ಕೆ ಕನ್ನಡವಿಲ್ಲ. ಹೀಗೆ ಕಲಿತ ಮಗು ಕಿಟಕಿಯಾಚೆಯದನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೆಸರಿಸುತ್ತದೆ. ಕನ್ನಡ ಅಡುಗೆಮನೆ ಮತ್ತು ಫೋನಿನಲ್ಲಿ ಅಜ್ಜಿಯ ಜೊತೆಗಿನ ಮಾತಿಗಷ್ಟೇ ಉಳಿಯುತ್ತದೆ.

ಕನ್ನಡದ ಮಕ್ಕಳ ಕಾವ್ಯ ಹುಟ್ಟಿನಿಂದಲೂ ಹೀಗಿರಲಿಲ್ಲ. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿ. ಅವರ ‘ತೆಂಕಣ ಗಾಳಿಯಾಟ’ದಲ್ಲಿ ಬೀಸುವುದು ಅವರು ಕಂಡುಂಡ ಕರಾವಳಿಯ ಗಾಳಿ. ಕೊಡಗಿನಲ್ಲಿದ್ದಾಗ ಅವರು ಬಂಟ್ವಾಳವನ್ನು ನೆನೆಯುತ್ತ ಕೂರಲಿಲ್ಲ, ‘ಹುತ್ತರಿ ಹಾಡು’ ಬರೆದರು. ಇದ್ದ ಊರನ್ನು ನೋಡಿ ಬರೆದರು. ಕುವೆಂಪು ಅವರು ಬ್ರೌನಿಂಗನ ಇಂಗ್ಲಿಷ್ ಪದ್ಯವನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸುವಾಗ ಜರ್ಮನಿಯ ಹ್ಯಾಮೆಲಿನ್ ಊರನ್ನು ತುಂಗೆಯ ದಡಕ್ಕೆ ತಂದು ನಿಲ್ಲಿಸಿದರು, ಕೇಳುವ ಮಗುವಿಗೆ ಗೊತ್ತಿದ್ದ ನದಿ ಅದು ಎಂಬ ಕಾರಣಕ್ಕೆ. ಇಂದು ಆಗುತ್ತಿರುವುದು ತಿರುಗುಮುರುಗು. ಮಗು ಮುಳಾ-ಮುಠಾ ದಡದಲ್ಲಿದೆ, ಪದ್ಯ ಇನ್ನೂ ತುಂಗೆಯಲ್ಲೇ ಈಜುತ್ತಿದೆ.

ಹೊರನಾಡಿನ ನಗರಗಳಲ್ಲಿ ಬರೆಯಲು ಏನಿದೆ ಎನ್ನುವವರು ಒಮ್ಮೆ ಹೊರಗೆ ನಡೆಯಬೇಕು. ದೆಹಲಿಯ ಇಂಡಿಯಾ ಗೇಟ್ ಆಸುಪಾಸಿನ ರಸ್ತೆಗಳಲ್ಲಿ ಜೂನ್ ಜುಲೈ ಬಂತೆಂದರೆ ನೇರಳೆ ಹಣ್ಣು ಉದುರಿ ಪಾದಚಾರಿ ಹಾದಿಯೆಲ್ಲ ನೀಲಿ. ತಿಂದ ಮಗುವಿನ ನಾಲಿಗೆಯೂ ನೀಲಿ. ಅದೇ ನಗರದಲ್ಲಿ ಚಳಿ ಇಳಿಯುತ್ತಿದ್ದಂತೆ ಬೂರುಗ ಕೆಂಪಾಗಿ ಅರಳುತ್ತದೆ, ಮೇ ಬಿಸಿಲಿಗೆ ಕಕ್ಕೆ ಹಳದಿಯಾಗಿ ತೂಗುತ್ತದೆ. ಗುಬ್ಬಚ್ಚಿಯನ್ನು ದೆಹಲಿ 2012ರಲ್ಲಿ ತನ್ನ ರಾಜ್ಯಪಕ್ಷಿ ಎಂದು ಘೋಷಿಸಿತು. ಮುಂಬೈಯ ಶಿವಡಿಯಲ್ಲಿ, ಠಾಣೆಯ ಖಾರಿಯಲ್ಲಿ ಕೆಸರಿನ ಮೇಲೆ ಸಾವಿರಾರು ರಾಜಹಂಸಗಳು ಇಳಿಯುತ್ತವೆ. ಚೆನ್ನೈಯ ಮರಳಿನಲ್ಲಿ ವರ್ಷದ ಮೊದಲ ತಿಂಗಳುಗಳ ರಾತ್ರಿ ಕಡಲಾಮೆ ಮೊಟ್ಟೆಯಿಟ್ಟು ಹೋಗುತ್ತದೆ. ಹೈದರಾಬಾದಿನಲ್ಲಿ ಬಂಡೆಯ ಮೇಲೆ ಬಂಡೆ ಕೂತಿದೆ, ಯಾರೋ ಆಟವಾಡಿ ಬಿಟ್ಟುಹೋದಂತೆ.

ಮಳೆಯ ವಿಷಯವಂತೂ ಇನ್ನೂ ಸ್ಪಷ್ಟ. ಜೂನಿನಲ್ಲಿ ಶಾಲೆ, ಜೂನಿನಲ್ಲೇ ಮಳೆ ಎಂಬ ಪದ್ಯ ಮುಂಬೈ ಮಗುವಿಗೆ ಹೊಂದುತ್ತದೆ. ಚೆನ್ನೈಯ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹಿಂಗಾರಿನಲ್ಲಿ. ಅಲ್ಲಿನ ಮಗುವಿಗೆ ಮುಂಗಾರಿನ ಹಾಡನ್ನಷ್ಟೇ ಕಲಿಸಿದರೆ ಅದು ತನ್ನ ಕಣ್ಣನ್ನು ನಂಬಬೇಕೋ ಪದ್ಯವನ್ನೋ? ಹಿಂಗಾರು ಎಂಬ ಒಳ್ಳೆಯ ಪದ ಕನ್ನಡದಲ್ಲೇ ಇದೆ, ಬಳಸುವವರಿಗಾಗಿ ಕಾದಿದೆ.

ಪದಗಳ ಕೊರತೆ ಎಂಬ ನೆಪವೂ ನಿಲ್ಲುವುದಿಲ್ಲ. ದೆಹಲಿಯ ಜಾಮೂನು ನೇರಳೆ, ಸೇಮಲ್ ಬೂರುಗ, ಅಮಲ್ತಾಸ್ ಕಕ್ಕೆ. ಈ ಹೆಸರುಗಳು ಛಂದಸ್ಸಿಗೂ ಒಗ್ಗುತ್ತವೆ. ಕಕ್ಕೆ, ಹೊಂಗೆ ಮೂರು ಮಾತ್ರೆ. ನೇರಳೆ, ಬೂರುಗ ನಾಲ್ಕು. ರಾಜಹಂಸ ಮೂರು ಮೂರಾಗಿ ಒಡೆದು ಕುಣಿಯುತ್ತದೆ. ಮೇಲೆ ಪಟಪಟ, ಜುಳುಜುಳು, ಗುಡುಗುಡು ಎಂಬ ಅನುಕರಣ ಶಬ್ದಗಳ ರಾಶಿಯೇ ಇದೆ. ಇವುಗಳ ಅರ್ಥವನ್ನು ಮಗುವಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಭಾಷೆಯಲ್ಲೇ ಹೆಚ್ಚು ಹೊತ್ತು ಕಳೆಯುವ ಮಗುವಿನ ಬಾಯಿಗೆ ಕನ್ನಡ ಮೊದಲು ಹತ್ತುವುದು ಲಯದ ಮೂಲಕ, ಅರ್ಥ ಆಮೇಲೆ.

ಇನ್ನೊಂದು ಚಾಳಿಯನ್ನೂ ಬಿಡಬೇಕು. ಮರದ ಪದ್ಯವೆಂದರೆ ಕೊನೆಯ ಎರಡು ಸಾಲು ಪರಿಸರ ರಕ್ಷಣೆಯ ಉಪದೇಶ ಎಂಬಂತಾಗಿದೆ. ಮಗು ಇನ್ನೂ ಮರವನ್ನು ನೋಡಿಯೇ ಇಲ್ಲ, ಆಗಲೇ ಅದನ್ನು ಉಳಿಸುವ ಹೊಣೆ ತಲೆಗೇರಿದೆ. ಕಾಂಡದ ಮೇಲೆ ಓಡುವ ಗೊದ್ದ, ಎಲೆಯ ಅಡಿಯ ಹುಳು, ಕೊಂಬೆಯ ಮೇಲೆ ಜಗಳವಾಡುವ ಕಾಗೆ ಮೊದಲು ಬರಲಿ. ಹೆಸರು ಗೊತ್ತಿರುವ ಮರದ ಮೇಲೆ ಪ್ರೀತಿ ತಾನಾಗಿ ಹುಟ್ಟುತ್ತದೆ; ಪ್ರೀತಿಯಿದ್ದಲ್ಲಿ ಉಪದೇಶದ ಕೆಲಸವೂ ಮುಗಿಯುತ್ತದೆ.

ಪದ್ಯ ಹಂಚಿಕೊಳ್ಳುವ ಬಳಗಗಳೂ ತಮ್ಮ ರೀತಿಯನ್ನು ತುಸು ಬದಲಿಸಿಕೊಳ್ಳಬಹುದು. ಹಿರಿಯರು ಹಿರಿಯರಿಗೆ ‘ಸೊಗಸಾಗಿದೆ’ ಎಂದು ಹೇಳಿಕೊಳ್ಳುವುದರಿಂದ ಮಕ್ಕಳ ಪದ್ಯದ ಪರೀಕ್ಷೆ ಆಗುವುದಿಲ್ಲ. ಕಳಿಸುವ ಮುನ್ನ ಒಂದು ಮಗುವಿನ ಮುಂದೆ ಗಟ್ಟಿಯಾಗಿ ಓದಿ, ಅದು ಎಲ್ಲಿ ತಡವರಿಸಿತು, ಎಲ್ಲಿ ನಕ್ಕಿತು, ಯಾವ ಸಾಲನ್ನು ಮರುದಿನ ತಾನೇ ಹೇಳಿಕೊಂಡಿತು ಎಂದು ಪದ್ಯದ ಜೊತೆ ಬರೆದು ಕಳಿಸಲಿ. ಯಾವ ಊರು, ಯಾವ ತಿಂಗಳು ಎಂಬುದನ್ನೂ ಸೇರಿಸಲಿ. ವರ್ಷ ಕಳೆಯುವುದರೊಳಗೆ ಐದಾರು ನಗರಗಳ ಋತುಗಳು ಕನ್ನಡದಲ್ಲಿ ದಾಖಲಾಗುತ್ತವೆ. ಚೆನ್ನೈಯ ಮಗು ದೆಹಲಿಯ ಬೂರುಗವನ್ನು ಕನ್ನಡದಲ್ಲೇ ಓದುತ್ತದೆ. ಆಗ ಊರಿನ ಹಿತ್ತಲೂ ಆ ಸಾಲಿನಲ್ಲಿ ಒಂದಾಗಿ ಬರಲಿ, ಯಾರೂ ಬೇಡವೆನ್ನುವುದಿಲ್ಲ.