962 ದಿನ ಮತ್ತು ನಮ್ಮ ವಿಜ್ಞಾನ ಮಾಸ್ತರು

ಮೊನ್ನೆ ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಹಳೇ ಪರಿಚಯದವರೊಬ್ಬರು ಮತ್ತೆ ಅದೇ ಕೇಳಿದ್ರು. "ಅಲ್ಲೋ ಮಾರಾಯ, ರಿಸರ್ವೇಶನ್‌ನಲ್ಲಿ ಸಿಕ್ಕ ಲ್ಯಾಬ್ ನೌಕರಿ ಬಿಟ್ಟು ಹೈಸ್ಕೂಲ್ ಮಾಸ್ತರಾದ್ಯಲ್ಲ, ಒಂದು ಸೀಟು ಹಾಳು ಮಾಡ್ದೆ."

ಬೆಂಗಳೂರಿನ ಯಾವನೋ ಇಂಜಿನಿಯರ್ ಎರಡು ವರ್ಷ ಸ್ಲಮ್ಮಿನ ಶಾಲೆಯಲ್ಲಿ ಪಾಠ ಮಾಡಿದರೆ ಇವರೇ "ತ್ಯಾಗ" ಅಂತಾರೆ. ಅವನು ಬಿಟ್ಟರೆ ತ್ಯಾಗ, ಆಗೇರ ಕೇರಿಯ ಹುಡುಗ ಬಿಟ್ಟರೆ ಹಾಳು. ಯಾಕೆ ಸ್ವಾಮಿ?

ಸಂಬಳ ಕಮ್ಮಿಯಾಯ್ತು, ನಿಜ. ಅವ್ವ ತಿಂಗಳಿಡೀ ಸರಿಯಾಗಿ ಮಾತಾಡಲಿಲ್ಲ, ಅದೂ ನಿಜ. ಆದರೆ ಕಾರವಾರ ಪೇಟೆಯಲ್ಲಿ ನನ್ನ ಮುಂದೆ ಕೂರುವವರು ಪೌರಕಾರ್ಮಿಕರ, ಮೀನು ಮಾರುವವರ ಮಕ್ಕಳು. ನಾನು ಹೋದಾಗ ಲ್ಯಾಬ್ ಕಪಾಟಿಗೆ ಬೀಗ. ಕೀಲಿ ಕೇಳಿದ್ರೆ, "ಗಾಜು ಒಡೆದ್ರೆ ಯಾರು ಕೊಡೋದು?" ಹತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರನಾಳ ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. "ಇಷ್ಟು ಹಗುರಾ ಸರ್?" ಅಂದಳು.

ಕೈಗಾದ 1ನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಾಗ ಅದು ವಿಶ್ವದಾಖಲೆ. ಓಡುತ್ತಿರುವಾಗಲೇ ಇಂಧನ ಬದಲಿಸುವ ವ್ಯವಸ್ಥೆ ಅದಕ್ಕಿದೆ. ನಾನೂ ಹೆಮ್ಮೆಪಟ್ಟೆ. ಅದೇ ತಾಲೂಕಿನಲ್ಲಿ ಎಂಟರಿಂದ ಹತ್ತನೇ ತರಗತಿವರೆಗೆ ಒಬ್ಬ ವಿಜ್ಞಾನ ಮಾಸ್ತರನ್ನು ಒಂದೇ ಶಾಲೆಯಲ್ಲಿ ನಿಲ್ಲಿಸಲು ಆಗೋದಿಲ್ವಾ? ಹುದ್ದೆ ಖಾಲಿಯಾದರೆ ಅತಿಥಿ ಶಿಕ್ಷಕರು. ಶಾಲೆ ಶುರುವಾದ ಮೇಲೆ ಬರ್ತಾರೆ, ವರ್ಷ ಮುಗಿಯುತ್ತಲೇ ಹೋಗ್ತಾರೆ. ಕೊಡೋದು ಹತ್ತು-ಹನ್ನೆರಡು ಸಾವಿರ. ಅತಿಥಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಸಂಸ್ಕೃತಿ ನಮ್ಮದು!

ಇಷ್ಟಂದ್ರೆ ಎಚ್. ನರಸಿಂಹಯ್ಯನವರ ಹೆಸರು ತೆಗೀತಾರೆ. ಅಮೆರಿಕದ ಓಹಿಯೋದಲ್ಲಿ 1960ರಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬೆಂಗಳೂರಿನ ನ್ಯಾಷನಲ್ ಕಾಲೇಜಿಗೇ ಮರಳಿದವರು, ಮದುವೆಯಾಗದೆ ಹಾಸ್ಟೆಲ್ ಕೋಣೆಯಲ್ಲೇ ಬದುಕಿದವರು. ದೊಡ್ಡವರು, ಕೈ ಮುಗೀತೇನೆ. ಆದರೆ ಅಂಥ ಇನ್ನೊಬ್ಬ ಸಂತ ಹುಟ್ಟೋವರೆಗೆ ನಮ್ಮ ಮಕ್ಕಳು ಕಾಯಬೇಕಾ? ನಮಗೆ ಬೇಕಾದದ್ದು ಹೆಂಡತಿ ಮಕ್ಕಳನ್ನು ಸಾಕಬಲ್ಲ ಸಂಬಳದ, ಕಾಯಂ ಮಾಸ್ತರು.

ಇನ್ನು ಸೀಟಿನ ಮಾತು. ರೋಸ್ಟರ್ ಅಂತ ಒಂದಿದೆ ಅಣ್ಣ. ಪರಿಶಿಷ್ಟ ಜಾತಿಯವರು ಬಿಟ್ಟ ಮೀಸಲು ಹುದ್ದೆ ಪರಿಶಿಷ್ಟ ಜಾತಿಗೇ ಹೋಗಬೇಕು. ತುಂಬಿದ್ರಾ ಇಲ್ವಾ, ಅದನ್ನು ಕೇಳಿ. ಅದಕ್ಕೆ ಅರ್ಜಿ ಹಾಕಲು ಎಂ.ಎಸ್ಸಿ. ಮಾಡಿದ ಹುಡುಗಿ ಬೇಕಲ್ಲ, ಬೀಗ ಹಾಕಿದ ಕಪಾಟಿನಿಂದ ಬರ್ತಾಳಾ ಅವಳು?

ಎರಡೂ ತಾಲೂಕಿನ ಹೈಸ್ಕೂಲುಗಳಲ್ಲಿ ಖಾಲಿ ಇರುವ ವಿಜ್ಞಾನ ಹುದ್ದೆಗಳ ಪಟ್ಟಿ ಕೇಳಿ ಸೋಮವಾರ ಮಾಹಿತಿ ಹಕ್ಕಿನ ಅರ್ಜಿ ಹಾಕ್ತಿದ್ದೇನೆ. ಪಾಲಕರು ಜೊತೆಗೆ ಬನ್ನಿ. ಬೆಳಿಗ್ಗೆ ಹತ್ತೂವರೆಗೆ, ಕಾರವಾರದ ಬಿಇಒ ಕಚೇರಿ ಎದುರು.

ಜೈ ಭೀಮ್.